ಕಡೇ ಪಂಕ್ತಿಯ ಆಪರೇಶನ್

ಅಗ್ಗದ ಔಷಧ ಯಾವುದು ಎಂದು ತಿಳಿಯಲು ದರದ ಪಟ್ಟಿ ನೋಡಿದರೆ ಸಾಕು, ಅದಕ್ಕೆ ಯಾರ ಬುದ್ಧಿಯೂ ಬೇಕಿಲ್ಲ. ಕೊಂಡದ್ದು ಕಡೆಗೂ ಅಗ್ಗವಾಗಿಯೇ ಉಳಿಯಿತೇ ಎನ್ನುವುದು ಬೇರೆ ಪ್ರಶ್ನೆ. ಈ ಎರಡನೆಯ ಪ್ರಶ್ನೆಯನ್ನು ನಮ್ಮ ಆಸ್ಪತ್ರೆಯ ಕಮಿಟಿಯವರು ನನ್ನ ತಲೆಗೆ ಕಟ್ಟಿದರು. ಕಾರಣ ನನ್ನ ವಿದ್ಯೆಯಲ್ಲ. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ ಎನ್ನುವುದು ಅಧ್ಯಕ್ಷರಿಗೆ ಗೊತ್ತಿತ್ತು. ಅವರು ನಿವೃತ್ತ ಹೆಡ್‌ಮಾಸ್ತರರು, ಒಂದೆರಡು ಸಲ ತೀರ್ಪುಗಾರರಾಗಿಯೂ ಕೂತಿದ್ದರು. "ಎರಡೂ ಕಡೆಯಿಂದ ವಾದ ಮಾಡಿ ಅಭ್ಯಾಸ ಇದ್ದವಳು ನೀನು. ಇದನ್ನೂ ಹಾಗೇ ನೋಡಿ ಹೇಳು," ಎಂದರು.

ನಮ್ಮದು ಟ್ರಸ್ಟಿನ ಆಸ್ಪತ್ರೆ. ಶಿರಸಿಯಲ್ಲಿ ದೊಡ್ಡದು, ಸಿದ್ದಾಪುರದಲ್ಲೂ ಯಲ್ಲಾಪುರದಲ್ಲೂ ಒಂದೊಂದು ಸಣ್ಣದು. ಮೂರಕ್ಕೂ ಔಷಧ ಕೊಳ್ಳುವುದು ಶಿರಸಿಯ ಸ್ಟೋರಿನಿಂದ, ಆ ಸ್ಟೋರಿನ ಫಾರ್ಮಸಿಸ್ಟ್ ನಾನು. ಮೂರಕ್ಕೂ ಸೇರಿ ಅರಿವಳಿಕೆ ಕೊಡುವ ಡಾಕ್ಟರು ಒಬ್ಬರೇ. ವಾರದಲ್ಲಿ ಒಂದು ದಿನ ಯಲ್ಲಾಪುರ, ಒಂದು ದಿನ ಸಿದ್ದಾಪುರ, ಉಳಿದ ದಿನ ಶಿರಸಿ. ಅವರು ಬಂದ ದಿನವೇ ಆ ಊರಿನಲ್ಲಿ ಆಪರೇಶನ್. ಮಧ್ಯಾಹ್ನ ದಾಟಿತೆಂದರೆ ಶಿರಸಿಯಲ್ಲಿ ಅವರಿಗಾಗಿ ಇನ್ನೊಂದು ಸಾಲು ಕಾದಿರುತ್ತದೆ, ಹೊರಡಲೇಬೇಕು.

ಪ್ರಶ್ನೆ ಇದ್ದದ್ದು ಸ್ನಾಯು ಸಡಿಲಿಸುವ ಔಷಧದ ಬಗ್ಗೆ. ಅರಿವಳಿಕೆ ಎಂದರೆ ನಿದ್ದೆ ಬರಿಸುವುದು ಎಂದಷ್ಟೇ ಜನ ತಿಳಿದಿರುತ್ತಾರೆ. ನಿದ್ದೆಯ ಔಷಧ ಬೇರೆ, ನೋವಿನದು ಬೇರೆ, ಇದು ಮೂರನೆಯದು. ಹೊಟ್ಟೆ ಬಿಗಿದುಕೊಂಡಿದ್ದರೆ ಸರ್ಜನ್ನರಿಗೆ ಒಳಗೆ ಕೆಲಸ ಮಾಡಲು ಆಗುವುದಿಲ್ಲ. ಇದನ್ನು ಕೊಟ್ಟರೆ ಮೈಯ ಸ್ನಾಯುಗಳೆಲ್ಲ ಪಟ್ಟು ಬಿಡುತ್ತವೆ, ಉಸಿರಾಡಿಸುವ ಸ್ನಾಯುಗಳೂ ಸೇರಿ. ಆಮೇಲೆ ಔಷಧದ ಬಲ ಇಳಿದು ರೋಗಿ ತಾನೇ ಉಸಿರಾಡುವ ತನಕ ಆ ಉಸಿರಿನ ಹೊಣೆ ಡಾಕ್ಟರರದು. ರೋಗಿ ಎದ್ದನೇ ಎಂದು ತಿಳಿಯಲು ಯಂತ್ರಗಳಿವೆ. ನಮ್ಮ ಡಾಕ್ಟರು ಯಂತ್ರ ನೋಡಿದ ಮೇಲೂ ಒಂದು ಹಳೆಯ ಪರೀಕ್ಷೆ ಮಾಡುತ್ತಾರೆ: ದಿಂಬಿನಿಂದ ತಲೆ ಎತ್ತಿ ಸ್ವಲ್ಪ ಹೊತ್ತು ಹಿಡಿಯಲು ಹೇಳುವುದು. ಹಿಡಿದರೆ ಸರಿ. ತಲೆ ಮತ್ತೆ ಬಿದ್ದರೆ ಕಾಯಬೇಕು.

ಎರಡು ಬಗೆ ನಮ್ಮ ಮುಂದಿತ್ತು. ಒಂದು ವೆಕ್ಯುರೋನಿಯಂ, ಸೀಸೆಯಲ್ಲಿ ಪುಡಿಯಾಗಿ ಬರುತ್ತದೆ, ಕಪಾಟಿನಲ್ಲಿ ಇಟ್ಟರೂ ನಡೆಯುತ್ತದೆ. ಇನ್ನೊಂದು ಅಟ್ರಾಕ್ಯುರಿಯಂ, ಅದನ್ನು ತಂಪಿನಲ್ಲಿಡಬೇಕು. ಸ್ಟೋರಿನಲ್ಲಿ ನಾವು ಇವನ್ನು 'ಪುಡಿ' ಮತ್ತು 'ಫ್ರಿಜ್ಜಿನದು' ಎಂದೇ ಕರೆಯುತ್ತಿದ್ದೆವು. ನಮಗೆ ಸಿಗುತ್ತಿದ್ದ ದರದಲ್ಲಿ, ಒಬ್ಬ ರೋಗಿಗೆ ಬೇಕಾದಷ್ಟನ್ನು ಹೋಲಿಸಿದರೆ ಪುಡಿ ಅಗ್ಗ. ಆದರೆ ಪುಡಿ ಮೈಯಿಂದ ಹೊರಬೀಳಲು ಲಿವರ್ ಮತ್ತು ಮೂತ್ರಪಿಂಡಗಳನ್ನು ನೆಚ್ಚಿಕೊಂಡಿದೆ. ವಯಸ್ಸಾದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಅದು ತಡವಾಗಿ ಇಳಿಯುತ್ತದೆ. ಫ್ರಿಜ್ಜಿನದು ಯಾರನ್ನೂ ನೆಚ್ಚಿಕೊಂಡಿಲ್ಲ, ರಕ್ತದಲ್ಲಿ ತಾನಾಗಿ ಒಡೆದು ಹೋಗುತ್ತದೆ.

ಡಾಕ್ಟರರ ವಾದ ಹೀಗಿತ್ತು: ಫ್ರಿಜ್ಜಿನದನ್ನೇ ಕೊಳ್ಳಿ. ರೋಗಿಗಳು ಹೊತ್ತಿಗೆ ಸರಿಯಾಗಿ ಏಳುತ್ತಾರೆ, ದಿನಕ್ಕೆ ಒಬ್ಬರಿಗಾದರೂ ಹೆಚ್ಚು ಆಪರೇಶನ್ ಆಗುತ್ತದೆ. ಸಿದ್ದಾಪುರದಲ್ಲಿ ವಾರವಾರವೂ ಕೊನೆಯ ರೋಗಿಯನ್ನು ಮನೆಗೆ ಕಳಿಸುವುದು ತಪ್ಪುತ್ತದೆ. ಕಮಿಟಿಯ ಖಜಾಂಚಿ ಕಾಳುಮೆಣಸಿನ ವ್ಯಾಪಾರಿ. ಅವರ ವಾದ: ಮಳೆಗಾಲದಲ್ಲಿ ಕರೆಂಟು ಹೋದರೆ ಅಷ್ಟೂ ಹಾಳು.

ಎರಡನ್ನೂ ನಾನು ನಂಬಲಿಲ್ಲ. ಖಜಾಂಚಿಯವರದನ್ನು ಕೆಡವುವುದು ಸುಲಭವಿತ್ತು. ಕೆಲವು ತಾಸು ಫ್ರಿಜ್ ನಿಂತ ಮಾತ್ರಕ್ಕೆ ಆ ಔಷಧ ಕೆಡುವುದಿಲ್ಲ, ಆಯಸ್ಸು ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ. ಡಾಕ್ಟರರ ಮಾತು ಕಷ್ಟದ್ದು, ಏಕೆಂದರೆ ಅದು ಅರ್ಧ ನಿಜದ ಹಾಗೆ ಕಾಣುತ್ತಿತ್ತು. ಔಷಧ ಕಂಪನಿಯ ಪ್ರತಿನಿಧಿ ಬಂದು ಹೋದ ವಾರವೇ ಕೆಲವು ಡಾಕ್ಟರರಿಗೆ ಹೊಸ ಔಷಧದ ಮೇಲೆ ಪ್ರೀತಿ ಹುಟ್ಟುವುದನ್ನು ಸ್ಟೋರಿನಲ್ಲಿ ಕೂತವರು ಕಂಡೇ ಇರುತ್ತಾರೆ. ಹಾಗಾಗಿ ಪ್ರತಿನಿಧಿ ಯಾರಾದರೂ ಬಂದಿದ್ದರೇ ಎಂದು ಡಾಕ್ಟರರನ್ನೇ ನೇರವಾಗಿ ಕೇಳಿಬಿಟ್ಟೆ.

ಅವರು ಹಾವೇರಿ ಕಡೆಯವರು, ಅರವತ್ತರ ಹತ್ತಿರ. ಸಿಟ್ಟು ಮಾಡಲಿಲ್ಲ. "ವಕೀಲರ, ನಿಮಗ ನನ್ನ ಮ್ಯಾಲ ಸಂಶಯ ಐತಿ," ಎಂದರು. ನನ್ನನ್ನು ಅವರು ವಕೀಲರು ಎಂದೇ ಕರೆಯುತ್ತಿದ್ದರು.

"ನಿಮ್ಮ ಮೇಲಲ್ಲ ಸರ್, ನಿಮ್ಮ ಮಾತಿನ ಮೇಲೆ."

"ಮಾತು ಬ್ಯಾರೆ, ನಾ ಬ್ಯಾರೆ ಏನ್ರೀ?"

"ಚರ್ಚೆಯಲ್ಲಿ ಬೇರೆ ಸರ್."

"ಹಂಗಾರ ನಾಳೆ ಯಲ್ಲಾಪುರಕ್ಕ ಮಾತನ್ನ ಕಾರಿನ್ಯಾಗ ಕೂಡ್ಸಿ ಕಳಸ್ತೀನಿ, ನಾ ಬಸ್ಸಿಗೆ ಬರ್ತೀನಿ. ನೀವೂ ಬರ್ರಿ. ಕಣ್ಣಾರೆ ನೋಡಿ ಬರೀರಿ."

ಅದೇ ಸಂಜೆ ಸಿದ್ದಾಪುರದಿಂದ ಅತ್ತೆಯ ಫೋನು ಬಂತು. ಅಪ್ಪನ ಅಕ್ಕ ಅವಳು, ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಅವಳ ಮನೆಯೂ ನಮ್ಮ ಸಿದ್ದಾಪುರದ ಆಸ್ಪತ್ರೆಯೂ ಒಂದೇ ಗೋಡೆಯ ಆಚೆ ಈಚೆ. ಪಿತ್ತಕೋಶದಲ್ಲಿ ಕಲ್ಲಾಗಿ ಆಗಾಗ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು. ಇನ್ನೊಮ್ಮೆ ಜೋರಾಗಿ ಬಂದು ಕೀವಾದರೆ ಇಲ್ಲಿ ಸಣ್ಣ ತೂತಿನಲ್ಲಿ ಮುಗಿಯುವ ಕೆಲಸಕ್ಕೆ ಹುಬ್ಬಳ್ಳಿಯಲ್ಲಿ ಹೊಟ್ಟೆ ಕೊಯ್ಯಬೇಕಾದೀತು ಎಂದು ಸರ್ಜನ್ನರು ಹೆದರಿಸಿಯೂ ಆಗಿತ್ತು. ಆದರೆ ಎರಡು ಸಲ ಆಪರೇಶನ್ನಿಗೆ ಹೋದವಳು ಎರಡು ಸಲವೂ ಹಾಗೇ ವಾಪಸಾಗಿದ್ದಳು.

"ಕೂಸೆ, ನಿನ್ನ ಡಾಕ್ಟ್ರಿಗೆ ಹೇಳು. ಆನು ಇನ್ನು ಬತ್ನಿಲ್ಲೆ."

"ಎಂತಕ್ಕೆ ಅತ್ತೆ?"

"ಎರಡು ಸಲ ಉಪಾಸ ಕೂತಾತು. ಏಕಾದಶಿಗೂ ಹಿಂಗೆ ನೀರು ಬಿಟ್ಟು ಕೂತಿದ್ನಿಲ್ಲೆ. ಮಧ್ಯಾಹ್ನದವರೆಗೆ ಕೂರ್ಸದು, ಕಡಿಗೆ ಹೊತ್ತಾತು, ಮುಂದಿನ ವಾರ ಬನ್ನಿ ಹೇಳದು. ನಿಂಗಳ ಔಷಧನೇ ಸರಿ ಇಲ್ಲೆ ಅಡ. ಒಬ್ಬರಿಗೆ ಕೊಟ್ರೆ ಅವು ಏಳ್ತ್ವೇ ಇಲ್ಲೆ ಅಡ."

"ಯಾರು ಹೇಳಿದ್ದು?"

"ಯಾರಾದ್ರೂ ಹೇಳ್ಲಿ. ಎರಡು ಸಲ ಮನೆಗೆ ಬಂದವಳು ಆನೋ, ನೀನೋ?"

ಅನುಭವಿಸಿದವರ ಸಾಕ್ಷಿಯನ್ನು ಅಲ್ಲಗಳೆಯುವುದು ಕಷ್ಟ. ಆದರೆ ಸಾಕ್ಷಿ ಹೇಳುವುದು ಏನಾಯಿತು ಎಂದು ಮಾತ್ರ. ಯಾಕಾಯಿತು ಎಂಬುದನ್ನು ಬೇರೆಯಾಗಿ ಹುಡುಕಬೇಕು. ಅತ್ತೆಯ ಹೊಟ್ಟೆನೋವಿಗೂ ನನ್ನ ವರದಿಗೂ ಈಗ ಒಂದೇ ಪ್ರಶ್ನೆಯಾಯಿತು: ಸಿದ್ದಾಪುರದ ಕೊನೆಯ ರೋಗಿ ಯಾಕೆ ಮನೆಗೆ ಹೋಗುತ್ತಾನೆ?

ಯಲ್ಲಾಪುರಕ್ಕೆ ಬೆಳಿಗ್ಗೆ ಬೇಗ ಹೊರಟೆವು. ಮಂಚಿಕೇರಿಯಲ್ಲಿ ಕಾರು ನಿಲ್ಲಿಸಿ ಡಾಕ್ಟರು ಚಹಾ ಕುಡಿದರು. ಪ್ರತಿ ಆಪರೇಶನ್ ಮುಗಿದ ಮೇಲೂ ಅವರಿಗೆ ಒಂದು ಲೋಟ ಚಹಾ ಬೇಕು, ಶುರುವಾಗುವ ಮೊದಲೂ ಒಂದು ಬೇಕು. "ನನಗ ಚಹಾ, ಗಾಡಿಗೆ ಪೆಟ್ರೋಲು, ಎರಡೂ ನಿಮ್ಮ ಟ್ರಸ್ಟಿನ ಖರ್ಚಿನ್ಯಾಗ ಬರಕೋರಿ," ಎಂದರು. ಹಿಂದಿನ ಸೀಟಿನಲ್ಲಿ ಲಸಿಕೆ ಒಯ್ಯುವಂಥ ಒಂದು ತಂಪು ಪೆಟ್ಟಿಗೆ ಇತ್ತು. ಫ್ರಿಜ್ಜಿನ ಔಷಧವನ್ನು ಶಿರಸಿಯಿಂದ ಕೆಲವೇ ಆಂಪೂಲು ತಂದು, ತೀರಾ ಅಗತ್ಯವಿದ್ದವರಿಗೆ ಮಾತ್ರ ಬಳಸುತ್ತಿದ್ದರು. ಅದು ಆಸ್ಪತ್ರೆಯ ದಾಸ್ತಾನಿನಿಂದ ಬಂದದ್ದಲ್ಲ, ಅವರೇ ಕೊಂಡದ್ದು. ಇದನ್ನು ಅವರು ಹೇಳಲಿಲ್ಲ, ನಮ್ಮ ಸ್ಟೋರಿನ ಲೆಕ್ಕದಲ್ಲಿ ಅದು ಇಲ್ಲದ್ದರಿಂದ ನನಗೇ ಹೊಳೆಯಿತು. ಕಂಪನಿಯ ಪ್ರತಿನಿಧಿಯ ಬಗೆಗಿನ ನನ್ನ ಸಂಶಯ ಅಲ್ಲಿಗೆ ಮುಗಿಯಿತು. ಹಾಗೆಂದು ವಾದ ಮುಗಿದಂತಲ್ಲ. ಪ್ರಾಮಾಣಿಕರೂ ತಪ್ಪು ಕಾರಣ ಹೇಳಬಹುದು.

ಅಂದು ಯಲ್ಲಾಪುರದಲ್ಲಿ ಎಲ್ಲರಿಗೂ ಪುಡಿಯನ್ನೇ ಕೊಡಿ ಎಂದು ಕೇಳಿಕೊಂಡೆ. "ಅಪಾಯ ಕಂಡ್ರ ನಾ ಕೇಳೂದಿಲ್ಲ ಮತ್ತ," ಎಂಬ ಷರತ್ತಿನ ಮೇಲೆ ಒಪ್ಪಿದರು. ಅಲ್ಲಿ ರೋಗಿಗಳು ಮೇಲಿನ ಮಹಡಿಯ ವಾರ್ಡಿನಲ್ಲಿ ತಮ್ಮ ತಮ್ಮ ಹಾಸಿಗೆಯಲ್ಲೇ ಇರುತ್ತಾರೆ. ಹಿಂದಿನ ದಿನ ಡಾಕ್ಟರು ಫೋನಿನಲ್ಲಿ ಹೇಳಿದ ಸಾಲಿನ ಪ್ರಕಾರ ಸಿಸ್ಟರು ಒಬ್ಬೊಬ್ಬರನ್ನೇ ಕೆಳಗೆ ಕರೆತರುತ್ತಾರೆ. ಇಡಗುಂದಿ ಕಡೆಯ ಒಬ್ಬ ಅಜ್ಜಿ ಕೊನೆಯಲ್ಲಿದ್ದಳು. ಪುಡಿ ಅವಳಲ್ಲಿ ನಿಧಾನವಾಗಿಯೇ ಇಳಿಯಿತು, ತಲೆ ಎತ್ತಿ ಹಿಡಿಯಲು ಹೊತ್ತು ಹಿಡಿಯಿತು. ಆದರೆ ಅವಳ ಹಿಂದೆ ಯಾರೂ ಕಾಯುತ್ತಿರಲಿಲ್ಲ. ಎಲ್ಲರದೂ ಮುಗಿದು, ಡಾಕ್ಟರು ನಿರುಮ್ಮಳವಾಗಿ ಚಹಾ ಕುಡಿದು ಕಾರು ಹತ್ತಿದರು.

"ಪುಡಿಯಲ್ಲೇ ಎಲ್ಲ ಮುಗೀತಲ್ಲ ಸರ್," ಎಂದೆ. ಗೆದ್ದ ದನಿ ಇದ್ದಿರಬೇಕು.

"ಯಲ್ಲಾಪುರ ಗೆದ್ದೀರಿ. ಸಿದ್ದಾಪುರಕ್ಕ ಬರ್ರಿ," ಎಂದರು ಅವರು.

ಸಿದ್ದಾಪುರದ ದಿನ ನಾನು ಅವರ ಕಾರಿಗೆ ಹೋಗಲಿಲ್ಲ. ಕಾನಸೂರಿನ ಮೇಲೆ ಹೋಗುವ ಮೊದಲ ಬಸ್ಸಿಗೇ ಹೋದೆ. ಡಾಕ್ಟರು ಬರುವ ಮೊದಲು ಅಲ್ಲಿ ಏನು ನಡೆಯುತ್ತದೆ ಎಂದು ನೋಡಬೇಕಿತ್ತು. ಅದೇ ಡಾಕ್ಟರು, ಅದೇ ಪುಡಿ, ರೋಗಿಗಳೂ ಹೆಚ್ಚುಕಮ್ಮಿ ಅದೇ ಬಗೆಯವರು. ಒಂದು ಊರಲ್ಲಿ ಹೊತ್ತಿಗೆ ಮುಗಿದು ಇನ್ನೊಂದರಲ್ಲಿ ಮುಗಿಯುವುದಿಲ್ಲ ಎಂದರೆ ದೋಷ ಎರಡೂ ಕಡೆ ಸಮಾನವಾಗಿ ಇರುವುದರಲ್ಲಿ ಇರಲಾರದು. ಇದು ಚರ್ಚೆಯ ಮೊದಲ ಪಾಠ.

ಅಲ್ಲಿ ವಾರ್ಡು ಸಣ್ಣದು, ಬೆಳಿಗ್ಗೆ ಡಿಸ್ಚಾರ್ಜ್ ಆಗುವವರು ಎದ್ದು ಹೋಗುವ ತನಕ ಹಾಸಿಗೆ ಇಲ್ಲ. ಆ ದಿನದ ರೋಗಿಗಳು ಹಸಿರು ಗೌನು ತೊಟ್ಟು ಥಿಯೇಟರಿನ ಹೊರಗಿನ ಉದ್ದ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಪಕ್ಕದಲ್ಲಿ ಅವರವರ ಮನೆಯವರು. ಎದುರಿನ ಬೋರ್ಡಿನ ಮೇಲೆ ಸಾಲು ಬರೆದಿತ್ತು. ಮೊದಲು ಪೇಟೆಯ ಮೊಬೈಲ್ ಅಂಗಡಿಯವನು, ಕೊನೆಯಲ್ಲಿ ಘಟ್ಟದಂಚಿನ ಹಳ್ಳಿಯ ಒಬ್ಬ ಅಜ್ಜ. ಅಜ್ಜನ ಮೂತ್ರಪಿಂಡ ಸೋತಿತ್ತು. ನಾನೂ ಬೆಂಚಿನ ತುದಿಯಲ್ಲಿ ಕೂತೆ. ಬೆಂಚಿನ ಮೇಲೆ ಕೂತ ಜನ ಸುಮ್ಮನಿರುತ್ತಾರೆಯೇ?

"ನಿಮ್ದು ಯಾವೂರಾತು?" ಎಂದು ಮೊಬೈಲ್ ಅಂಗಡಿಯವನು ಅಜ್ಜನ ಮಗನನ್ನು ಕೇಳಿದ. ಮಗ ಊರು ಹೇಳಿದ. "ಅಯ್ಯೋ, ಅಲ್ಲಿಗೆ ಬಸ್ಸು?"

"ಮಧ್ಯಾಹ್ನದ್ದು ಒಂದೇಯ. ಅದು ತಪ್ಪಿದ್ರೆ ನಡ್ಯೂದೇಯ. ಅಪ್ಪನ್ನ ವಾರ್ಡಿಗೆ ಸೇರ್ಸಿ ನಾ ಓಡ್ಬೇಕು, ಮನೇಲಿ ದನ ಕರಿಯೂರಿಲ್ಲ."

"ಹಂಗಾರೆ ನೀವು ಮೊದ್ಲು ಹೋಗಿ ಮಾರಾಯ್ರೆ. ನಮ್ಮನೆ ಎಂತ, ಇಲ್ಲೇ ಬಸ್‌ಸ್ಟ್ಯಾಂಡ್ ಹತ್ರ."

"ಹಂಗಂದ್ರೆ ಹೆಂಗೆ, ನಿಮ್ಮ ಹೆಸ್ರು ಮೊದ್ಲಿದ್ದು..."

"ಹೆಸ್ರು ಎಂತ ಮಾಡ್ತದೆ! ದೂರದಿಂದ ಬಂದೋರ್ನ ಕೂರ್ಸಿಟ್ಟು ಊರೋರು ಮೊದ್ಲು ಹೋದ್ರೆ ಚಂದ ಕಾಣ್ತದಾ?"

ಇಬ್ಬರೂ ಎದ್ದು ಸಿಸ್ಟರ ಹತ್ತಿರ ಹೋದರು. ಸಿಸ್ಟರು ಬೋರ್ಡು ಒರೆಸಿ ಹೊಸದಾಗಿ ಬರೆದರು. ನಾನು ಬೆರಗಾಗಿ ಅವರನ್ನು ಕೇಳಿದೆ.

"ಅವ್ರವ್ರೇ ಮಾತಾಡ್ಕಂಡ್ ಬಂದ್ರೆ ನಾ ಬ್ಯಾಡ ಅಂಬೂದು ಹೆಂಗೆ ಮೇಡಂ?" ಎಂದರು. "ಜಗಳ ಮಾಡ್ಕಂಡ್ ಬಂದ್ರೆ ಬೈದು ಕಳಿಸ್ಬೌದು. ಪ್ರೀತೀಲಿ ಬಂದೋರಿಗೆ ಎಂತ ಹೇಳೂದು?"

ಊಟದ ಮನೆಯ ಮರ್ಯಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ದೂರದವರು, ವಯಸ್ಸಾದವರು ಮೊದಲ ಪಂಕ್ತಿಗೆ. ಮನೆಯವರು, ನೆರೆಯವರು ಬಡಿಸುತ್ತ ನಿಂತು ಕಡೇ ಪಂಕ್ತಿಗೆ. ಊಟದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ, ಹೆಚ್ಚೆಂದರೆ ಪಾಯಸ ತಳ ಕಾಣುತ್ತದೆ. ಆದರೆ ಇಲ್ಲಿ ಆದದ್ದು ಬೇರೆ. ದೂರದವರೂ ವಯಸ್ಸಾದವರೂ ಮೊದಲಾದರೆ ಪುಡಿ ಯಾರಲ್ಲಿ ನಿಧಾನವಾಗಿ ಇಳಿಯುತ್ತದೋ ಅವರೇ ಮೊದಲಾದಂತೆ. ಅವರು ಏಳುವ ತನಕ ಹಿಂದಿನವರೆಲ್ಲ ಕಾಯಬೇಕು. ಡಾಕ್ಟರು ಅಂಥವರನ್ನು ಕೊನೆಗೆ ಬರೆಸಿದ್ದೇ ಅದಕ್ಕಾಗಿ, ಮುಂದೆ ಮಾಡಬೇಕಾದರೆ ಫ್ರಿಜ್ಜಿನದನ್ನು ಕೊಡಬೇಕಾದೀತು ಎಂದು. ಬೆಂಚಿನ ಮೇಲಿನ ಸೌಜನ್ಯ ಆ ಸಾಲನ್ನು ಪ್ರತಿ ವಾರ ತಲೆಕೆಳಗು ಮಾಡುತ್ತಿತ್ತು.

ಡಾಕ್ಟರರಿಗೆ ಇದು ಗೊತ್ತಿರಲಿಲ್ಲವೇ? ಬೋರ್ಡು ಬದಲಾದದ್ದು ಕಂಡಿತ್ತು. ಸರ್ಜನ್ನರು ಬದಲಿಸಿರಬೇಕು ಎಂದುಕೊಂಡಿದ್ದರು. ಸರ್ಜನ್ನರು, ಇವರು ಬದಲಿಸಿರಬೇಕು ಎಂದುಕೊಂಡಿದ್ದರು. ಇಬ್ಬರಿಗೂ ಪರಸ್ಪರ ಗೌರವ, ಆದ್ದರಿಂದ ಇಬ್ಬರೂ ಕೇಳಿರಲಿಲ್ಲ. ಇಂಥದ್ದು ನಮ್ಮ ಕಡೆಯೇ ಆಗಬೇಕು.

ಅಂದು ನನ್ನ ಕಣ್ಣೆದುರೇ ಅಜ್ಜ ಮೊದಲು ಒಳಗೆ ಹೋದ. ತಂಪು ಪೆಟ್ಟಿಗೆಯಲ್ಲಿದ್ದ ಆಂಪೂಲುಗಳು ಶಿರಸಿಯಲ್ಲೇ ಖರ್ಚಾಗಿದ್ದವು, ಪುಡಿಯನ್ನೇ ಅಳೆದು ಕೊಟ್ಟರು. ಆಪರೇಶನ್ ಬೇಗ ಮುಗಿಯಿತು. ಆಮೇಲೆ ಬಾಗಿಲಾಚೆಯಿಂದ ಡಾಕ್ಟರರ ದನಿ ಮತ್ತೆ ಮತ್ತೆ ಕೇಳುತ್ತಿತ್ತು: "ಅಜ್ಜಾರ, ತಲಿ ಎತ್ರಿ. ಹಾಂ, ಹಂಗ ಹಿಡೀರಿ... ಇರ್ಲಿ, ಮಲಕೋರಿ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಎತ್ತೂಣು." ಆ ದನಿಯಲ್ಲಿ ಅವಸರ ಇರಲಿಲ್ಲ, ಅವಸರ ಮಾಡುವಂತೆಯೂ ಇರಲಿಲ್ಲ. ಅಜ್ಜ ಕ್ಷೇಮವಾಗಿ ಎದ್ದ. ಕೊನೆಗೆ ಉಳಿದ ಮೊಬೈಲ್ ಅಂಗಡಿಯವನು ಗೌನು ಕಳಚಿ, ಹಸಿದ ಹೊಟ್ಟೆಯಲ್ಲಿ ಮನೆಗೆ ನಡೆದ. ಹೋಗುವಾಗ, "ಔಷಧ ಸರಿ ಇಲ್ಲ ಕಾಣ್ತದೆ," ಎಂದು ಹೇಳಿಯೇ ಹೋದ.

ನನಗೆ ಏನೋ ಹೊಳೆದು ಗೋಡೆ ಸುತ್ತಿ ಅತ್ತೆಯ ಮನೆಗೆ ಹೋದೆ. ಅವಳು ಹೊಲಿಗೆ ಯಂತ್ರದ ಮುಂದೆ ಇದ್ದಳು. ಒಲೆಯ ಮೇಲೆ ಆಸ್ಪತ್ರೆಯವರಿಗಾಗಿ ಬಿಸಿನೀರು. ಬೆಂಚಿನ ಮೇಲೆ ಕೂತವರ ಮನೆಯವರು ನೀರಿಗೆ, ಬಚ್ಚಲಿಗೆ ಬರುವುದು ಅವಳ ಮನೆಗೇ. ಡಾಕ್ಟರರ ಚಹಾ ಹೋಗುವುದೂ ಅವಳ ಮನೆಯಿಂದಲೇ.

"ಅತ್ತೆ, ಆ ಎರಡು ಸಲ ಬೋರ್ಡಿನ ಮೇಲೆ ನಿನ್ನ ಹೆಸ್ರು ಎಷ್ಟನೇದಿತ್ತು?"

ಯಂತ್ರ ನಿಂತಿತು. "ಎಂತಕ್ಕೆ ಈಗ?"

"ಹೇಳು."

"ಒಂದು ಸಲ ಎರಡನೇದು. ಇನ್ನೊಂದು ಸಲ ಮೊದಲ್ನೇದೇ ಕಾಣ್ತು."

"ಮತ್ತೆ ಕಡೇಗೆ ಹ್ಯಾಂಗೆ ಹೋತು?"

"ಹ್ಯಾಂಗೆ ಹೋತು ಅಂದ್ರೆ! ಒಂದು ಹೆಂಗಸು ಸಣ್ಣ ಶಿಶು ಬಿಟ್ಟಿಕ್ಕೆ ಬಂದಿತ್ತು. ಇನ್ನೊಂದು ಸಲ ಒಬ್ಬ ಮುದುಕಪ್ಪ, ಕೂತಲ್ಲೇ ನಡುಗ್ತಿದ್ದ. ಎಂಗೆ ಎಂತ ಅರ್ಜೆಂಟು? ಗೋಡೆ ಹಾರಿದ್ರೆ ಮನೆ."

"ಆನು ಔಷಧದ ಮೇಲೆ ವರದಿ ಬರೀತಾ ಇದ್ದಿ. ನೀನೇ ನಿನ್ನ ಪಾಳಿ ಬಿಟ್ಟುಕೊಟ್ಟಿಕ್ಕೆ, ಔಷಧ ಸರಿ ಇಲ್ಲೆ ಹೇಳಿ ಊರಿಗೆಲ್ಲ ಹೇಳದಾ?"

"ಊರಿಗೆಲ್ಲ ಎಲ್ಲಿ ಹೇಳಿದ್ದಿ? ಬ್ಲೌಸ್ ತಗಂಡ್ ಹೋಪಲೆ ಬಂದವಕ್ಕೆ ಹೇಳಿದ್ದು."

"ಬ್ಲೌಸ್ ತಗಂಡ್ ಹೋಪವು ಇಡೀ ಊರೇ ಅಲ್ದಾ?"

ಅತ್ತೆ ನಕ್ಕಳು. ನಕ್ಕದ್ದರಿಂದ ಹೊಟ್ಟೆ ಹಿಡಿದುಕೊಂಡಿತು, ಬಲಗೈಯನ್ನು ಪಕ್ಕೆಗೆ ಒತ್ತಿ ಕಣ್ಣು ಮುಚ್ಚಿದಳು. ನೋವು ಇಳಿಯುವ ತನಕ ನಾನು ಅವಳ ಬೆನ್ನಿಗೆ ಕೈಯಿಟ್ಟು ನಿಂತೆ. ಆ ಹೊತ್ತು ನನಗೆ ಯಾವ ವಾದವೂ ಬೇಕಿರಲಿಲ್ಲ.

"ಮುಂದಿನ ವಾರ ಬತ್ತೆ ಅಲ್ದಾ?" ಎಂದೆ.

"ಬಂದ್ರೂ ಆನು ಎದ್ದು ಮೊದಲ ಪಂಕ್ತಿಗೆ ಕೂರವಳಲ್ಲ. ಅದು ಎನ್ನ ಕೈಲಿ ಆಗ್ತಿಲ್ಲೆ. ನೀ ಬೇಕಾರೆ ಎಷ್ಟು ವಾದ ಮಾಡು."

ಮಾಡಿದೆ. ನೀನು ಬಿಟ್ಟುಕೊಟ್ಟರೆ ನಿನ್ನ ಹಿಂದಿನ ಎಲ್ಲರಿಗೂ ತಡವಾಗುತ್ತದೆ ಎಂದೆ. ಸೌಜನ್ಯಕ್ಕೂ ಒಂದು ಬೆಲೆ ಇದೆ, ಅದನ್ನು ಬೇರೆ ಯಾರೋ ಕೊಡುತ್ತಾರೆ ಎಂದೆ. ಅವಳು ಎಲ್ಲದಕ್ಕೂ "ಹೌದು, ಅದೂ ಹೌದು," ಎನ್ನುತ್ತ ಗುಂಡಿ ಹಚ್ಚುತ್ತಿದ್ದಳು. ಎದುರಾಳಿ ಒಪ್ಪಿದ ಮೇಲೂ ಗೆಲ್ಲಲಾಗದ ಚರ್ಚೆ ಅದೊಂದೇ.

ಎರಡು ದಿನ ಬಿಟ್ಟು ಕಮಿಟಿಯ ಸಭೆ. ನಾನು ಹೇಳಿದ್ದು ಇಷ್ಟು. ಒಂದು ಸೀಸೆಗೆ ಎಷ್ಟು ಎಂದು ಕೇಳಬೇಡಿ, ಆಪರೇಶನ್ ಆಗಿ ಎದ್ದು ಕೂತ ಒಬ್ಬ ರೋಗಿಗೆ ಎಷ್ಟು ಎಂದು ಕೇಳಿ. ಮನೆಗೆ ಮರಳಿದವನ ಉಪವಾಸ, ಅವನ ಜೊತೆ ಬಂದವರ ಆ ದಿನದ ಕೂಲಿ, ಕಾದು ಕೂತ ಥಿಯೇಟರು, ಇವು ನಮ್ಮ ಲೆಕ್ಕದಲ್ಲಿ ಇಲ್ಲ ಎಂದ ಮಾತ್ರಕ್ಕೆ ಖರ್ಚೇ ಅಲ್ಲ ಎನ್ನುವಂತಿಲ್ಲ. ಹಾಗೆ ನೋಡಿದರೆ ಗಟ್ಟಿಮುಟ್ಟಾದ ಹೆಚ್ಚಿನವರಿಗೆ ಪುಡಿಯೇ ಸಾಕು. ವಯಸ್ಸಾದವರಿಗೆ, ಮೂತ್ರಪಿಂಡ ಅಥವಾ ಲಿವರ್ ಸೋತವರಿಗೆ ಫ್ರಿಜ್ಜಿನದೇ ಕಡೆಗೆ ಅಗ್ಗ. ಎರಡನ್ನೂ ಕೊಳ್ಳಿ. ಆದರೆ ಸಿದ್ದಾಪುರದ ತೊಂದರೆಯಲ್ಲಿ ಔಷಧದ ಪಾಲು ಸ್ವಲ್ಪ, ಬೆಂಚಿನ ಪಾಲು ಹೆಚ್ಚು.

ಖಜಾಂಚಿಯವರು ಕಿವಿಗೊಟ್ಟು ಕೇಳಿದರು. "ಹಸಿ ಕಾಳುಮೆಣಸಿನ ದರ ಕೇಳ್ಬೇಡ, ಒಣಗಿದ ಮೇಲೆ ತಕ್ಕಡೀಲಿ ಎಷ್ಟು ನಿಂತ್ತು ನೋಡು ಅಂದಾಂಗಾತು," ಎಂದರು. "ಅಡ್ಡಿಲ್ಲೆ. ಆದ್ರೆ ಬೆಂಚಿಗೆ ಎಂತ ಮಾಡ್ತೆ?"

"ತೆಗೆದುಬಿಡಿ," ಎಂದೆ.

ಡಾಕ್ಟರು ನಕ್ಕರು. "ಬೆಂಚು ತಗದ್ರ ನಿಂತು ಮಾತಾಡ್ತಾರ್ರೀ ವಕೀಲರ. ಬಾಯಿ ಎಲ್ಲಿ ತಗೀತೀರಿ?"

ಬೆಂಚು ಅಲ್ಲೇ ಉಳಿಯಿತು. ಬೋರ್ಡು ಒರೆಸಬಾರದು ಎಂದು ಸಿಸ್ಟರಿಗೆ ಹೇಳಿದ್ದಾಯಿತು. ಅಷ್ಟರಿಂದ ಏನಾದರೂ ಆದೀತು ಎಂಬ ನಂಬಿಕೆ ನನಗಿರಲಿಲ್ಲ. ಅತ್ತೆಯನ್ನು ಬಲ್ಲವರಿಗೆ ಯಾರಿಗೂ ಇರುವುದಿಲ್ಲ.

ಮುಂದಿನ ವಾರ ನಾನು ರಜೆ ಹಾಕಿ ಸಿದ್ದಾಪುರಕ್ಕೆ ಹೋದೆ. ಅತ್ತೆ ಬಂದಿದ್ದಳು. ಗೌನಿನ ಹೊಲಿಗೆ ಸರಿಯಿಲ್ಲ ಎಂದು ಗೊಣಗುತ್ತ ಬೆಂಚಿನ ಮೇಲೆ ಕೂತಿದ್ದಳು. ಬೋರ್ಡಿನಲ್ಲಿ ಅವಳೇ ಮೊದಲು. ಪಕ್ಕದಲ್ಲಿ ದೂರದ ಹಳ್ಳಿಯ ಒಬ್ಬಳು ಕುತ್ತಿಗೆಯ ಗಂಟಿನ ಆಪರೇಶನ್ನಿಗೆ ಬಂದಿದ್ದಳು. ನಾನು ಬಾಟಲಿಗೆ ನೀರು ತುಂಬಿ ಬರುವಷ್ಟರಲ್ಲಿ ಶುರುವಾಗಿತ್ತು.

"ನಿನ್ನ ಯಜಮಾನ್ರಿಗೆ ವಾಪಸ್ ಬಸ್ಸು ಎಷ್ಟೊತ್ತಿಗೆ ತಂಗಿ?"

"ಮೂರ್ಗಂಟೆಗೆ ಅಮ್ಮ. ನಮ್ಮ ಯಜಮಾನ್ರ ಎದೆ ಈಗ್ಲೇ ಹೊಡ್ಕಳ್ತದೆ. ಮಕ್ಳು ಇಬ್ರೇ ಮನೇಲಿ."

ಅತ್ತೆ ಗೌನು ಸರಿಮಾಡಿಕೊಂಡು ಏಳುತ್ತಿದ್ದಳು. ನಾನು "ಅತ್ತೆ," ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಸಿಸ್ಟರು ಬೋರ್ಡಿಗೆ ಬೆನ್ನು ಕೊಟ್ಟು ನಿಂತು ನನ್ನನ್ನೇ ನೋಡಿದರು. ಅಷ್ಟರಲ್ಲಿ ಡಾಕ್ಟರು ಬಂದರು. ಒಂದು ನೋಟದಲ್ಲೇ ಅವರಿಗೆ ಎಲ್ಲ ತಿಳಿಯಿತು. ಅತ್ತೆಯ ಮನೆಯಿಂದ ಬೆಳಿಗ್ಗೆಯೇ ಬಂದಿದ್ದ ಚಹಾದ ಫ್ಲಾಸ್ಕು ಕಿಟಕಿಯ ಮೇಲಿತ್ತು. ಅದನ್ನು ಎತ್ತಿಕೊಂಡು ಬೆಂಚಿನ ಎದುರು ಬಂದು ನಿಂತರು.

"ಅವ್ವಾರ, ನಾ ಎಲ್ಲಿಯಾಂವ ಹೇಳ್ರಿ?"

"ಶಿರಸಿಯವು ಅಲ್ದಾ?"

"ಅಲ್ರೀ. ಹಾವೇರಿ ಕಡಿಯಾಂವ. ಈ ಬೆಂಚಿನ್ಯಾಗ ಎಲ್ಲಾರಕಿಂತ ದೂರದಾಂವ ನಾನ. ಹೌದಿಲ್ರಿ?"

"ಹೌದು."

"ಬೆಳಗಿನಿಂದ ಚಹಾ ಕುಡದಿಲ್ಲ. ನಿಮ್ಮ ಆಪರೇಶನ್ ಮುಗಿಯೂತನಾ ನಾ ಇದನ್ನ ಮುಟ್ಟೂದಿಲ್ಲ. ನೀವು ಕಡೀಕ ಹೋದ್ರ, ಕಡೀತನಾ ನಾ ಹಿಂಗ. ನಿಮ್ಮ ಮನೀ ಗೋಡಿ ಬಾಜೂಕ ಕೂತಾಂವ ಬಾಯಿ ಒಣಗಿಸಿಕೊಂಡು ಕೂತ್ರ ನಿಮಗ ಚಂದೇನ್ರೀ?"

ಅತ್ತೆ ಅವರನ್ನು ನೋಡಿದಳು, ಫ್ಲಾಸ್ಕನ್ನು ನೋಡಿದಳು. ಆ ಹೆಂಗಸಿನ ಕಡೆ ತಿರುಗಿ, "ನೋಡಿದ್ಯಾ ತಂಗಿ, ಹ್ಯಾಂಗೆ ಸಿಕ್ಕಿಸ್ತ್ರು," ಎಂದಳು. ಆಕೆ, "ಹೋಗಿ ಬನ್ನಿ ಅಮ್ಮ, ಪಾಪ, ಡಾಕ್ಟ್ರು ಹಸ್ಕಂಡಿದಾರೆ," ಎಂದಳು. ಅತ್ತೆ ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು, ಎಲ್ಲರಿಗಿಂತ ಮೊದಲು ಒಳಗೆ ನಡೆದಳು.

ಅವಳಿಗೆ ಕೊಟ್ಟದ್ದು ಪುಡಿಯನ್ನೇ. ಅವಳಿಗೆ ಅಂಥ ವಯಸ್ಸೇನೂ ಆಗಿಲ್ಲ, ಮೂತ್ರಪಿಂಡ, ಲಿವರ್ ಎಲ್ಲ ಗಟ್ಟಿ, ನನ್ನ ವರದಿಯ ಪ್ರಕಾರ ಅವಳು ಪುಡಿಯ ರೋಗಿ. ಬರೆಯುವಾಗ ಸುಲಭವಾಗಿ ಬರೆದಿದ್ದೆ. ಬಾಗಿಲ ಹೊರಗೆ ಬಳೆ ಹಿಡಿದು ಕೂತಾಗ ಅದೇ ವಾಕ್ಯವನ್ನು ತಿರುಗಿ ತಿರುಗಿ ಪರೀಕ್ಷಿಸಿದೆ. ವಾಕ್ಯ ಬೀಳಲಿಲ್ಲ, ಆದರೂ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಆ ದನಿ ಕೇಳಿತು.

"ಅವ್ವಾರ, ಕಣ್ಣು ತಗೀರಿ. ತಲಿ ಎತ್ರಿ. ಹಾಂ. ಹಂಗ ಹಿಡೀರಿ."

ನಾನು ಕೈಯಲ್ಲಿದ್ದ ಬಳೆಗಳನ್ನು ಎಣಿಸಿದೆ. ಆಮೇಲೆ ಡಾಕ್ಟರು, "ಸಾಕು ಸಾಕು, ಮಲಕೋರಿ," ಎಂದರು. ಸಿಸ್ಟರು ಬಾಗಿಲು ತೆರೆದು ನನ್ನನ್ನು ಕರೆದರು. ಕುತ್ತಿಗೆಯ ಗಂಟಿನ ಹೆಂಗಸನ್ನು ಒಳಗೆ ಕರೆದೊಯ್ಯಲು ಸಿದ್ಧತೆ ನಡೆದಿತ್ತು. ಅತ್ತೆಯ ಮುಖ ಬಿಳಿಚಿತ್ತು, ತುಟಿ ಒಣಗಿತ್ತು. ನಾನು ಬಗ್ಗಿದೆ. ಅವಳು ಏನೋ ಹೇಳಿದಳು, ದನಿ ಇನ್ನೂ ಎದೆಯಿಂದ ಪೂರ್ತಿ ಬಂದಿರಲಿಲ್ಲ.

"ಎಂತ ಅತ್ತೆ?"

"ಫ್ಲಾಸ್ಕಿನದು ತಣ್ಣಗಾಗಿಕ್ಕು. ಬೇರೆ ಮಾಡಿ ಕೊಡು ಅವ್ಕೆ."

ನಾನು ಗೋಡೆ ಸುತ್ತಿ ಅವಳ ಮನೆಗೆ ಹೋಗಿ ಒಲೆ ಹಚ್ಚಿದೆ.